ಮೂಕ ರೇಡಿಯೊ, ಬೆಲ್ಟ್ ಹೋದ ಡೆಕ್: ಯಾವುದು ರಿಪೇರಿಗೆ ತಕ್ಕದ್ದು?

ಕಳೆದ ವರ್ಷ ಒಂದೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಕೆಟ್ಟುಹೋದ ಎರಡು ಹಳೆಯ ಯಂತ್ರಗಳನ್ನು ಕೊಂಡೆ: ₹2,800ಕ್ಕೆ 1960ರ ದಶಕದ ವಾಲ್ವ್ (ಗಾಜಿನ ಕೊಳವೆ) ರೇಡಿಯೊ, ₹3,200ಕ್ಕೆ 1980ರ ದಶಕದ ಜಪಾನಿ ಕ್ಯಾಸೆಟ್ ಡೆಕ್. ರೇಡಿಯೊದಲ್ಲಿ ಗುಂಯ್‌ ಎನ್ನುವ ಸದ್ದು ಬಿಟ್ಟರೆ ಏನೂ ಕೇಳಿಸದು ಎಂದು ಮಾರಿದವರೇ ತಿಳಿಸಿದ್ದರು. ಡೆಕ್ಕಿಗೆ ಬೆಲ್ಟ್ ಒಂದನ್ನು ಹಾಕಿಸಿದರೆ ಸಾಕು ಎಂದಿದ್ದರು. ಇಂದು ನನ್ನ ಮನೆಯಲ್ಲಿ ಹಾಡುತ್ತಿರುವುದು ರೇಡಿಯೊ.

ರೇಡಿಯೊವನ್ನು ನೇರವಾಗಿ ಪ್ಲಗ್ಗಿಗೆ ಹಾಕದೆ, ಮೊದಲು 60 ವ್ಯಾಟಿನ ಬಲ್ಬಿರುವ ಸೀರೀಸ್ ಬೋರ್ಡಿನ ಮೂಲಕ, ಅಂದರೆ ಬಲ್ಬನ್ನು ದಾಟಿಯೇ ರೇಡಿಯೊಗೆ ಹೋಗುವಂತೆ, ಕರೆಂಟ್ ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತಲೇ ಇರುತ್ತದೆ. ಬಲ್ಬು ಒಮ್ಮೆ ಜೋರಾಗಿ ಹೊತ್ತಿ ಮಂಕಾದದ್ದರಿಂದ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿಲ್ಲವೆಂದು ಧೈರ್ಯ ಬಂತು. ಬಳಿಕ ನೇರ ಕರೆಂಟಿಗೆ ಹಾಕಿದಾಗ, ಎರಡೇ ನಿಮಿಷದಲ್ಲಿ ಸ್ಪೀಕರಿಗೆ ಧ್ವನಿ ಒದಗಿಸುವ ಇಎಲ್84 ಎಂಬ ವಾಲ್ವಿನೊಳಗಿನ ಬೂದು ತಗಡಿನ ನಡುವೆ ಕೆಂಡದ ಬಣ್ಣದ ಚುಕ್ಕೆಯೊಂದು ಮೂಡಿತು. ಕೂಡಲೇ ಆರಿಸಿದೆ. ಆ ವಾಲ್ವಿನ ಗ್ರಿಡ್ಡಿಗೆ (ಅದರೊಳಗಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಧ್ವನಿಯನ್ನಷ್ಟೇ ದಾಟಿಸಿ ಡಿಸಿ ವೋಲ್ಟೇಜನ್ನು ತಡೆಯಬೇಕಾದ ಕಾಗದದ ಕೆಪಾಸಿಟರ್, ವರ್ಷಗಟ್ಟಲೆ ತೇವ ಹೀರಿ ಆ ವೋಲ್ಟೇಜನ್ನು ಸೋರಗೊಡುತ್ತಿತ್ತು. ಹೀಗಾದಾಗ ವಾಲ್ವಿನಲ್ಲಿ ಮಿತಿಮೀರಿ ಕರೆಂಟ್ ಹರಿದು ಅದು ಸುಟ್ಟುಹೋಗುತ್ತದೆ. ಆ ಕೆಪಾಸಿಟರಿನ ಬದಲಿಗೆ 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರನ್ನೂ, ಗುಂಯ್‌ ಸದ್ದಿಗೆ ಕಾರಣವಾದ ಒಣಗಿದ ಫಿಲ್ಟರ್ ಕೆಪಾಸಿಟರಿನ ಬದಲಿಗೆ 47 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡು ಕೆಪಾಸಿಟರುಗಳನ್ನೂ ಹಾಕಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂ ಕೆಲವು ಬಿಡಿಭಾಗ ಸೇರಿ ₹640 ಆಯಿತು. ಪ್ಲಗ್ ಕಿತ್ತ ಮೇಲೂ ಇಂತಹ ರೇಡಿಯೊದ ಫಿಲ್ಟರಿನಲ್ಲಿ 250 ವೋಲ್ಟಿನಷ್ಟು ಉಳಿದಿರಬಹುದು. ಅದನ್ನು ಖಾಲಿ ಮಾಡಲು ಅರಿಯದವರು ಖಂಡಿತ ಕೈ ಹಾಕಬಾರದು. ಆ ಸಂಜೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಸ್ವಚ್ಛವಾಗಿ ಕೇಳಿಸಿತು.

ಡೆಕ್ಕಿನ ಬೆಲ್ಟ್ ಕರಗಿ ಡಾಂಬರಿನಂತೆ ರಾಟೆಗೆ ಅಂಟಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಅದನ್ನು ಒರೆಸುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಹೊಸ ಬೆಲ್ಟ್ ಹಾಕಿದರೂ, ಟೇಪಿಗೆ ತಾಗಿ ಧ್ವನಿಯನ್ನು ಓದುವ ಹೆಡ್ ಮೇಲೇಳಲಿಲ್ಲ. ಅದನ್ನು ಎತ್ತುವ ಪ್ಲಾಸ್ಟಿಕ್ ಗೇರ್ ಲೋಹದ ಕಡ್ಡಿಯ ಸುತ್ತ ಕುಗ್ಗಿ ಸೀಳಿತ್ತು. ಅಂಟು ಹಾಕಿದ್ದು ಎರಡು ದಿನ ಬಾಳಿತು. ಬಿಡಿಭಾಗಕ್ಕೆಂದೇ ಅದೇ ಮಾದರಿಯ ಇನ್ನೊಂದು ಡೆಕ್ಕನ್ನು ₹2,500ಕ್ಕೆ ತರಿಸಿದರೆ, ಅದರ ಗೇರೂ ಅದೇ ಜಾಗದಲ್ಲಿ ಸೀಳಿತ್ತು. ಒಂದೇ ವಯಸ್ಸಿನ, ಒಂದೇ ಅಚ್ಚಿನ ಪ್ಲಾಸ್ಟಿಕ್ಕಿಗೆ ಬೇರೆ ಗತಿಯಿರದೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಪರಿಚಿತ ಮೆಕ್ಯಾನಿಕ್ ಒಬ್ಬರು ರೇಡಿಯೊ ರಿಪೇರಿಗೆ ₹2,500 ಕೇಳಿದ್ದರು. ಡೆಕ್ಕಿನ ಕೆಲಸವನ್ನು ಅವರು ಒಪ್ಪಿಕೊಳ್ಳಲೇ ಇಲ್ಲ.

ಹಾಗಾಗಿ ದೋಷ ಎಷ್ಟು ದೊಡ್ಡದೆಂಬುದಕ್ಕಿಂತ, ಹೋದ ಭಾಗಕ್ಕೆ ಬದಲಿ ಸಿಗುತ್ತದೆಯೇ ಎಂಬುದನ್ನು ನಾನೀಗ ಮೊದಲು ನೋಡುತ್ತೇನೆ. ಕೆಪಾಸಿಟರ್ ಯಾವುದೇ ಕಂಪನಿಯದಾದರೂ ನಡೆಯುತ್ತದೆ. ಇಎಲ್84 ಸ್ಲೊವಾಕಿಯಾದಲ್ಲಿ ಈಗಲೂ ತಯಾರಾಗುತ್ತಿದೆ. ಆದರೆ ಇದೇ ರೇಡಿಯೊದ, ನಿಲ್ದಾಣಗಳ ಹೆಸರು ಮುದ್ರಿಸಿದ ಡಯಲ್ ಗಾಜು ಕೊರಿಯರ್‌ನಲ್ಲಿ ಒಡೆದಿದ್ದರೆ ರೇಡಿಯೊವನ್ನು ಬಿಚ್ಚದೆಯೇ ಹಿಂದಿರುಗಿಸುತ್ತಿದ್ದೆ.

ಅಜ್ಜಿ ಹಾಡಿದ ಸೋಬಾನೆ ಪದಗಳ ನಾಲ್ಕು ಕ್ಯಾಸೆಟ್ಟುಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಡೆಕ್ಕನ್ನು ಕೊಂಡದ್ದೇ ಅವಕ್ಕಾಗಿ. ಈಗ ಇನ್ನೊಂದನ್ನು ಹುಡುಕುತ್ತಿದ್ದೇನೆ. ಕ್ಯಾಸೆಟ್ ಹಾಕಿ, ಹೆಡ್ ಮೇಲೆದ್ದು ಟೇಪು ಕೊನೆಯವರೆಗೆ ಓಡುವುದನ್ನು ವಿಡಿಯೊ ಕರೆಯಲ್ಲಿ ತೋರಿಸಿದವರಿಗಷ್ಟೇ ಹಣ ಕಳುಹಿಸುತ್ತೇನೆ.