ಶಿರಸಿಯ ಹಳೆ ಪುಸ್ತಕದಂಗಡಿಯ ಶಿಕ್ಷಣದ ಕಪಾಟು
ಶಿರಸಿ ಪೇಟೆಯ ಈ ಹಳೆ ಪುಸ್ತಕದಂಗಡಿಯಲ್ಲಿ ನೋಡತಕ್ಕದ್ದು ಶಿಕ್ಷಣ ಚರಿತ್ರೆಯ ಕಪಾಟು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದ ಹುಡುಗರು ಪದವಿಗೆ ಮುಂಬಯಿ ವಿಶ್ವವಿದ್ಯಾಲಯವನ್ನೇ ನಂಬಬೇಕಾಗಿತ್ತು. 1904ರ ವಿಶ್ವವಿದ್ಯಾಲಯ ಕಾಯ್ದೆಯ ಮೂಲಕ ವೈಸರಾಯ್ ಕರ್ಜನ್ ಸೆನೆಟ್ಟುಗಳ (ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳ) ಮೇಲೆ ಸರ್ಕಾರದ ಹಿಡಿತ ಬಿಗಿಗೊಳಿಸಿದ್ದನ್ನೂ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದನ್ನೂ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದನ್ನೂ ಇಲ್ಲಿಯ ಸಂಪುಟಗಳಿಂದ ಕ್ರಮವಾಗಿ ಅರಿಯಬಹುದು. ಸ್ವಾತಂತ್ರ್ಯಾನಂತರದ ಭಾಗ ಮಾತ್ರ ತೀರಾ ತೆಳು: ವಿಶ್ವವಿದ್ಯಾಲಯ ಶಿಕ್ಷಣದ ಕುರಿತ ರಾಧಾಕೃಷ್ಣನ್ ಆಯೋಗದ ವರದಿಯಿದೆ, ಆದರೆ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ (ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ) ಒಯ್ದ 1976ರ ಸಂವಿಧಾನ ತಿದ್ದುಪಡಿಯ ಕುರಿತು ಒಂದು ಪುಸ್ತಕವೂ ಇಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ, ಶಾಲೆ ಕಾಲೇಜುಗಳನ್ನು ನಡೆಸುವ ಕೆನರಾ ವೆಲ್‌ಫೇರ್ ಟ್ರಸ್ಟಿನ ಬಗೆಗೂ (ನಮ್ಮ ಜಿಲ್ಲೆಯದೇ ಕತೆ!) ಏನೂ ಸಿಗದಿರುವುದು ದೊಡ್ಡ ಕೊರತೆ. ಮಾಲೀಕರು ಚೌಕಾಶಿಗೆ ಒಪ್ಪುವವರಲ್ಲ, ಕೂತು ಓದಲು ಅಡ್ಡಿಯಿಲ್ಲ. ಮಳೆಗಾಲದಲ್ಲಿ ಕೊಳ್ಳುವವರು ಬೂಸ್ಟು ಹಿಡಿದಿದೆಯೇ ಎಂದು ಒಳಪುಟಗಳನ್ನು ತಿರುವಿ ನೋಡುವುದು ಒಳ್ಳೆಯದು.