ಖರೀಫಿನಲ್ಲಿ ಒಂಟೆ ಮಾಂಸ ಒಣಗಿಸಲು ಹೋಗಬೇಡಿ

ಓಮಾನಿನ ಸಲಾಲಾದಲ್ಲಿರುವ ನಮ್ಮೂರ ಹುಡುಗರು, ಅದರಲ್ಲೂ ರೂಮಿನಲ್ಲೇ ಅಡುಗೆ ಮಾಡಿಕೊಳ್ಳುವವರು, ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನೇ ಉಪ್ಪು ಹಚ್ಚಿ, ನಾನೇ ಒಣಗಿಸಿ, ನಾನೇ ಕೊಬ್ಬಿನಲ್ಲಿ ಮುಳುಗಿಸಿಟ್ಟ ಒಂಟೆ ಮಾಂಸ ತಿಂದು, ಜುಲೈ ತಿಂಗಳ ಒಂದು ರಾತ್ರಿ ನಾವು ಮೂವರು ಒಂದೇ ಬಚ್ಚಲಿನ ಮುಂದೆ ಸರದಿ ನಿಂತೆವು. ಅಂಗಡಿಯವನನ್ನು ಬೈಯುವಂತಿಲ್ಲ. ಅವನು ಕೊಟ್ಟ ಮಾಂಸ ಚೆನ್ನಾಗಿಯೇ ಇತ್ತು.

ಸಲಾಲಾ ಇರುವ ಧೋಫಾರ್ ಪ್ರಾಂತ್ಯದ ಮನೆಗಳಲ್ಲಿ ‘ಮಅಜೀನ್’ ಅಂತ ಒಂದು ಮಾಡುತ್ತಾರೆ. ಒಂಟೆಯದೋ ದನದ್ದೋ ಮಾಂಸವನ್ನು ಉದ್ದುದ್ದ ಪಟ್ಟಿ ಸೀಳಿ, ಒಣಗಿಸಿ, ಕೊಬ್ಬಿನಲ್ಲಿ ಬೇಯಿಸಿ, ಅದೇ ಕೊಬ್ಬಿನೊಳಗೆ ತಿಂಗಳುಗಟ್ಟಲೆ ಇಡುವುದು. ಸೊಮಾಲಿಯಾದವರ ‘ಮುಕ್ಮದ್’ ಇದರ ಅಣ್ಣನೋ ತಮ್ಮನೋ. ಅಲ್ಲಿ ಸಣ್ಣ ಚೂರು ಮಾಡಿ, ಒಣಗಿಸಿ, ತುಪ್ಪದಲ್ಲಿ ಹುರಿದಿಡುತ್ತಾರೆ. ಒಂದು ಒಂಟೆ ಕಡಿದರೆ ಇಡೀ ಬಳಗ ಕೂತು ಉಂಡರೂ ಮುಗಿಯದಷ್ಟು ಮಾಂಸ. ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ಉಳಿಸಿಕೊಳ್ಳಲು ಹುಟ್ಟಿದ ಜಾಣತನ ಇದು. ಪಕ್ಕದ ಮನೆಯ ಓಮಾನಿ ಅಜ್ಜಿ ಒಮ್ಮೆ ತಟ್ಟೆಯಲ್ಲಿ ನಾಲ್ಕು ಚೂರು ಕಳಿಸಿದ್ದರು. ನಮ್ಮ ಉಪ್ಪುಮೀನಿನ ಹಾಗೆ, ಒಂದು ಚೂರಿಗೆ ಒಂದು ತಟ್ಟೆ ಅನ್ನ ಇಳಿಯುವ ರುಚಿ. ನನಗೆ ಹುಚ್ಚು ಹಿಡಿದದ್ದೇ ಅಲ್ಲಿ.

ಮೇಲಿಂದ ಮೊಬೈಲಿನಲ್ಲಿ ಒಂದು ವಿಡಿಯೋ. ಲವಂಗ, ಬೆಳ್ಳುಳ್ಳಿ, ಅರಿಶಿನ, ನಿಂಬೆರಸ ಹಚ್ಚಿದರೆ ಮಾಂಸಕ್ಕೆ ಫ್ರಿಜ್ಜೇ ಬೇಡ, ಎಲ್ಲಾ ನೈಸರ್ಗಿಕ ಅಂತ. ನಾನು ನಂಬಿಬಿಟ್ಟೆ. ಕುಂದಾಪುರ ಕಡೆಯವನು, ಮೀನು ಒಣಗಿಸುವುದನ್ನು ನೋಡುತ್ತಲೇ ಬೆಳೆದವನು, ನನಗೆ ಗೊತ್ತಿಲ್ಲದ್ದೇ ಎಂಬ ಸೊಕ್ಕು ಬೇರೆ.

ಎರಡು ಕಿಲೋ ತೊಡೆಯ ಮಾಂಸ, ಅರ್ಧ ಕಿಲೋ ಡುಬ್ಬದ ಕೊಬ್ಬು ತಂದೆ. ಮುದಿ ಒಂಟೆ ಇರಬೇಕು, ನಾರು ನಾರು. ತೆಳ್ಳಗೆ ಸೀಳಲು ಹೋಗಿ ಬೆರಳು ಕುಯ್ದುಕೊಂಡೆ. ಪ್ಲಾಸ್ಟರ್ ಸುತ್ತಿ, ಉಳಿದದ್ದನ್ನು ಎರಡೆರಡು ಇಂಚಿನ ತುಂಡು ಮಾಡಿ ಕೆಲಸ ಮುಗಿಸಿದೆ. ಎರಡು ಕಿಲೋಗೆ ಮೂರು ಚಮಚ ಉಪ್ಪು, ಕಣ್ಣಳತೆ. ಆಮೇಲೆ ವಿಡಿಯೋದ ಮಸಾಲೆ. ತಾರಸಿಯ ಶೀಟಿನ ಕೆಳಗೆ ಹಗ್ಗ ಕಟ್ಟಿ ಮೂರು ದಿನ ನೇತುಹಾಕಿದೆ.

ಖರೀಫ್ ಗೊತ್ತಿಲ್ಲದವರಿಗೆ ಒಂದು ಮಾತು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅರಬ್ ದೇಶವೆಲ್ಲ ಬೇಯುತ್ತಿದ್ದರೆ ಸಲಾಲಾದಲ್ಲಿ ಮಾತ್ರ ಮಂಜು, ಜಿಟಿಜಿಟಿ ಮಳೆ, ಹಸಿರು ಗುಡ್ಡ. ಊರಿನ ಆಸಾಡಿಯನ್ನು, ಅಂದರೆ ಆಷಾಢದ ಮಳೆಗಾಲವನ್ನು, ಯಾರೋ ಹೊತ್ತು ತಂದು ಇಲ್ಲಿ ಇಳಿಸಿದ ಹಾಗೆ. ಉಷ್ಣತೆ 25-27 ಡಿಗ್ರಿ. ನಮಗೆ ತಂಪು ಅನ್ನಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಅದು ಹಬ್ಬ. 5ರಿಂದ 60 ಡಿಗ್ರಿ ನಡುವೆ ಅವು ಬೆಳೆಯುತ್ತಲೇ ಇರುತ್ತವೆ. ಗಾಳಿಯಲ್ಲೇ ನೀರು ತುಂಬಿರುವಾಗ ಮಾಂಸದ ನೀರು ಹೋಗುವುದಾದರೂ ಎಲ್ಲಿಗೆ? ಆಸಾಡಿಯಲ್ಲಿ ಬಂಗುಡೆ ಒಣಗಿಸುವ ಮಳ್ಳು ನಮ್ಮೂರಲ್ಲಿ ಯಾರಿಗೂ ಇಲ್ಲ. ಅದಕ್ಕೇ ತಾನೆ ಬಿಸಿಲಿರುವಾಗಲೇ ಮಳೆಗಾಲಕ್ಕೆ ಬೇಕಾದಷ್ಟು ಒಣಗಿಸಿ ಡಬ್ಬಿ ತುಂಬಿಸಿಡುವುದು! ಸಮುದ್ರ ದಾಟಿದ ಮೇಲೆ ಅಷ್ಟೂ ಮರೆತಿತ್ತು ನನಗೆ.

ಮೂರನೇ ದಿನ ಮುಟ್ಟಿದರೆ ಹೊರಗೆ ಗಟ್ಟಿ, ಒಣಕಲು. ಒಳಗೆ ಹಸಿಯಾಗಿಯೇ ಇತ್ತು ಎಂದು ಈಗ ಗೊತ್ತು. ಕೊಬ್ಬು ಕರಗಿಸಿ, ಅದರಲ್ಲಿ ಕುದಿಸಿ, ಗಾಜಿನ ಭರಣಿಗೆ ಹಾಕಿ ಕಪಾಟಿನಲ್ಲಿಟ್ಟೆ. ವಾರ ಕಳೆದು ತೆಗೆದಾಗ ಕೆಟ್ಟ ವಾಸನೆ ಇಲ್ಲ, ಲೋಳೆ ಇಲ್ಲ, ಬೂಷ್ಟು ಇಲ್ಲ. ಘಮ್ಮೆಂದು ಲವಂಗದ ಪರಿಮಳ. ಆದರೂ ಇರಲಿ ಎಂದು ಅರ್ಧ ಗಂಟೆ ಕುದಿಸಿ ಸಾರು ಮಾಡಿದೆ. ರಾತ್ರಿ ಒಂಬತ್ತಕ್ಕೆ ಉಂಡೆವು. ಹನ್ನೆರಡರ ಹೊತ್ತಿಗೆ ಮೊದಲು ನನಗೆ ವಾಂತಿ, ಹತ್ತು ನಿಮಿಷಕ್ಕೆ ರೂಮಿನ ಜೊತೆಗಾರ ಪುತ್ತೂರಿನವನಿಗೆ. ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದಂತೆ ಹಿಂಡುತ್ತಿದ್ದರು. ಮೂರನೆಯವನು ಸಾರು ಮಾತ್ರ ಉಂಡಿದ್ದ, ಅವನೂ ತಪ್ಪಿಸಿಕೊಳ್ಳಲಿಲ್ಲ. ಬೆಳಗಿನ ಜಾವ ಆಸ್ಪತ್ರೆ, ಡ್ರಿಪ್.

ಡಾಕ್ಟರು ಗಂಟೆ ಲೆಕ್ಕ ಕೇಳಿದರು, ಏನು ಮಾಡಿದೆ ಅಂತ ಕೇಳಿದರು, ಆಮೇಲೆ ನನ್ನ ಬೆರಳು ನೋಡಿದರು. ಪ್ಲಾಸ್ಟರ್ ಇನ್ನೂ ಇತ್ತು. ಲಕ್ಷಣ ನೋಡಿದರೆ ಸ್ಟೆಫೈಲೊಕಾಕಸ್ ಇರಬೇಕು ಅಂದರು. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಗಾಯದಲ್ಲಿ ಇರುವ ಬ್ಯಾಕ್ಟೀರಿಯಾ ಅದು. ಉಪ್ಪಿಗೆ ಬೇರೆಯವು ಸೋತರೂ ಇದು ಸೋಲುವುದಿಲ್ಲ. ನೂರಕ್ಕೆ ಹತ್ತು ಪಾಲು ಉಪ್ಪಿದ್ದರೂ ಬೆಳೆಯಬಲ್ಲದು. ನನ್ನ ಮೂರು ಚಮಚ ಉಪ್ಪು ಎದುರಾಳಿಗಳನ್ನು ಓಡಿಸಿ ಅದಕ್ಕೆ ಗದ್ದೆ ಹಸನು ಮಾಡಿಕೊಟ್ಟಿತು ಅನ್ನಬೇಕು. ಊರಲ್ಲಿ ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಸುರಿಯುವಾಗ ಜಿಪುಣತನ ಯಾಕೆ ಮಾಡುವುದಿಲ್ಲ ಅಂತ ಆಗ ಅರ್ಥವಾಯಿತು.

ನನ್ನನ್ನು ನಿಜಕ್ಕೂ ಹೆದರಿಸಿದ ಸಂಗತಿ ಮುಂದಿನದು. ಆ ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ತಾರಸಿಯ ಮೇಲೆ ಮೂರು ದಿನದಲ್ಲಿ ವಿಷ ತಯಾರಾಗಿತ್ತು; ಕೊಬ್ಬಿನಲ್ಲಿ ಕುದಿಸಿದಾಗ ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಹಾಗೇ ಉಳಿಯಿತು. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ‘ಚೆನ್ನಾಗಿ ಕುದಿಸಿದರೆ ಆಯ್ತು ಮಾರಾಯ’ ಅನ್ನುವ ನಮ್ಮ ಮಾತು ಎಲ್ಲ ಕಡೆ ನಡೆಯುವುದಿಲ್ಲ.

‘ವಾಂತಿಯಲ್ಲೇ ಮುಗಿಯಿತು, ನಿನ್ನ ಪುಣ್ಯ’ ಅಂತಲೂ ಡಾಕ್ಟರು ಹೇಳಿದರು. ಒಳಗೆ ಹಸಿ ಇರುವ ಮಾಂಸದ ಮೇಲೆ ಕೊಬ್ಬು ಸುರಿದರೆ ಗಾಳಿ ಆಡದ ಜಾಗ ತಯಾರಾಗುತ್ತದೆ. ಬಾಟುಲಿಸಂ, ಅಂದರೆ ನರಗಳನ್ನೇ ಸೋಲಿಸುವ ಆಹಾರ ವಿಷ, ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ ಅದು, ಮತ್ತು ಅದರ ಬೀಜಕಗಳು ಮಾಮೂಲಿ ಕುದಿತಕ್ಕೆ ಸಾಯುವುದಿಲ್ಲ. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟ ಹಸಿ ಬೆಳ್ಳುಳ್ಳಿಗೂ ಇದೇ ಅಪಾಯ. ಹೀಗಿಟ್ಟದ್ದು ತಿಂದ ಮೇಲೆ ಕಣ್ಣು ಮಂಜಾದರೆ, ಒಂದು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ, ಮಾತು ತೊದಲಿದರೆ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಓಡಿ, ಉಳಿದ ಮಾಂಸವನ್ನೂ ತೆಗೆದುಕೊಂಡು ಹೋಗಿ.

ಹಾಗಾದರೆ ಲವಂಗ ಸುಳ್ಳೇ? ಸುಳ್ಳಲ್ಲ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಆದರೆ ಲ್ಯಾಬಿನಲ್ಲಿ ಬಳಸುವುದು ಅದರ ತೈಲ, ಅಳೆದು. ಅದೂ ಮಾಂಸದ ಕೊಬ್ಬು, ಪ್ರೋಟೀನು ನಡುವೆ ಬಲ ಕಳೆದುಕೊಳ್ಳುತ್ತದೆ. ಫ್ರಿಜ್‌ನೊಳಗಿನ ಮಾಂಸಕ್ಕೆ ಕೆಲವು ದಿನ ಹೆಚ್ಚು ಬಾಳಿಕೆ ಕೊಟ್ಟೀತು, ಫ್ರಿಜ್‌ನ ಬದಲಿಗೆ ನಿಲ್ಲಲಾರದು. ನನ್ನ ಹತ್ತು ಲವಂಗ ಮಾಡಿದ ಕೆಲಸ ಒಂದೇ, ಅನುಮಾನ ಬರದ ಹಾಗೆ ಪರಿಮಳ ಕೊಟ್ಟದ್ದು.

ನಗು ಬರುವುದು ಎಲ್ಲಿ ಅಂದರೆ, ಅದೇ ತಿಂಗಳು ಕೆಲಸದ ಜಾಗದಲ್ಲಿ ಒಬ್ಬ ಹಸಿ ಒಂಟೆ ಲಿವರ್ ಕೊಟ್ಟಾಗ ನಾನು ಬೇಡ ಅಂದಿದ್ದೆ. ದನ, ಒಂಟೆಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಜ್ವರದ ಹೆದರಿಕೆ. 1994ರಲ್ಲಿ ಸೌದಿಯಲ್ಲಿ ಹಸಿ ಲಿವರ್ ತಿಂದವರಿಗೆ ಪ್ಲೇಗೇ ಬಂದಿತ್ತು, ಹೌದು, ಅದೇ ಪ್ಲೇಗು. ಅಷ್ಟು ಬುದ್ಧಿ ಇದ್ದವನು ತಾರಸಿಗೆ ಹೋಗಿ ಹಗ್ಗ ಕಟ್ಟಿದೆ.

ಈಗ ನಾನು ಮಾಡುವುದು ಇಷ್ಟು. ತಂದ ಮಾಂಸ ನೇರ ಫ್ರಿಜ್‌ಗೆ, 4 ಡಿಗ್ರಿ. ಮೂರ್ನಾಲ್ಕು ದಿನದಲ್ಲಿ ಬೇಯಿಸದಿದ್ದರೆ ಮೈನಸ್ 18ಕ್ಕೆ. ಕೀಮಾ ಆದರೆ ಮರುದಿನದೊಳಗೆ ಒಲೆಗೆ, ಒಳಗೆ ಕೆಂಪು ಉಳಿಯದ ಹಾಗೆ. ಕೈಗೆ ಗಾಯ ಆದ ದಿನ ಅಡುಗೆ ಪುತ್ತೂರಿನವನದು.

ವಾರ ಬಿಟ್ಟು ಅಜ್ಜಿಗೆ ವಿಷಯ ಹೇಳಿದೆ. ‘ಖರೀಫಿನಲ್ಲಾ? ಹೊರಗಾ?’ ಅಂತ ಎರಡು ಸಲ ಕೇಳಿ, ಸೊಸೆಯನ್ನು ಕರೆದು ಅವಳಿಗೂ ಹೇಳಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜನವರಿಯಲ್ಲಿ, ಮರಳುಗಾಡಿನ ಕಡೆಯಿಂದ ಒಣಗಾಳಿ ಬೀಸುವಾಗ, ಒಂದು ಪುಟ್ಟ ಡಬ್ಬಿ ತುಂಬ ಮಅಜೀನ್ ಕಳಿಸಿದರು. ಪಟ್ಟಿ ಒಂದೊಂದೂ ಬೆರಳಿಗಿಂತ ತೆಳು, ಮುರಿದರೆ ಕಟ್ಟಿಗೆಯಂತೆ ಲಟಕ್ ಅನ್ನುತ್ತದೆ. ಹೊರಗೇ ಇಡು, ಏನೂ ಆಗುವುದಿಲ್ಲ ಅಂದರು. ಆಯ್ತು ಅಂದೆ. ಫ್ರಿಜ್‌ನಲ್ಲಿಟ್ಟಿದ್ದೇನೆ. ಅಜ್ಜಿಗೆ ಹೇಳಿಲ್ಲ.