ಎನ್‌ಸಿಸಿನಾ, ಎನ್‌ಎಸ್‌ಎಸ್ಸಾ?

ಡಿಗ್ರಿಗೆ ಸೇರಿದ ಹುಡುಗಿಗೆ ಮುಂದೆ ನಾಯಕಿಯಾಗುವ ಆಸೆಯಿದ್ದರೆ, ಗಟ್ಟಿಯಾಗಲು ಕಾಲೇಜಿನಲ್ಲೇ ಎರಡು ದಾರಿಗಳಿವೆ: ಸೇನೆಯ ಶಿಸ್ತು ಕಲಿಸುವ ಎನ್‌ಸಿಸಿ, ಸಮಾಜಸೇವೆಗೆ ಇಳಿಸುವ ಎನ್‌ಎಸ್‌ಎಸ್.

ಎನ್‌ಸಿಸಿಯಲ್ಲಿ ಪರೇಡು, ಕ್ಯಾಂಪು, ಎಲ್ಲರೆದುರು ಬೈಸಿಕೊಳ್ಳುವುದು ಮಾಮೂಲು. ಕಮಾಂಡ್ ಕೊಡುವಾಗ ದನಿ ನಡುಗಿದರೆ ಸಾಲೇ ಕೆಡುತ್ತದೆ. ಮತ್ತೆ ಮೊದಲಿಂದ ಕೂಗಬೇಕು. ಕೊನೆಯ ಹಂತದ ಪರೀಕ್ಷೆ ಪಾಸಾದರೆ ಸಿಗುವ ‘ಸಿ’ ಸರ್ಟಿಫಿಕೇಟ್‌ನಲ್ಲಿ ಒಳ್ಳೆ ಗ್ರೇಡ್ ಇದ್ದರೆ, ಪದವೀಧರೆಯರು ಲಿಖಿತ ಪರೀಕ್ಷೆಯಿಲ್ಲದೆ ಸೇನೆಯ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು.

1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ. ಇಲ್ಲಿನ ಕಷ್ಟವೇ ಬೇರೆ. ಹಳ್ಳಿಯಲ್ಲಿ ಸರ್ವೆಗೆ ಹೋದರೆ “ಪುರುಸೊತ್ತಿಲ್ಲ, ಹೋಗಮ್ಮಾ” ಅಂತಾರೆ. ಬೇಜಾರು ನುಂಗಿಕೊಂಡು ಪಕ್ಕದ ಮನೆ ಬಾಗಿಲು ತಟ್ಟಬೇಕು. (ಕೆಲವು ಕಡೆ ಸುಮ್ನೆ ಗಿಡ ನೆಟ್ಟು ಫೋಟೊ ತೆಗೆಸುತ್ತಾರೆ. ಸೀನಿಯರ್‌ಗಳನ್ನು ಕೇಳಿ ಸೇರಿ.)

ಪೊಲೀಸ್, ಸೇನೆಯ ಕನಸಿದ್ದರೆ ಎನ್‌ಸಿಸಿ. ಪಂಚಾಯಿತಿ, ಸಂಘದ ಕೆಲಸ ಅಂದರೆ ನನ್ನ ಓಟು ಎನ್‌ಎಸ್‌ಎಸ್‌ಗೆ.